ಫ್ರಿಜ್‌ನಲ್ಲಿ ಉಳಿದ ಡಬ್ಬಿ

ಅತಿಥಿಗಳು ಬಿಟ್ಟುಹೋದ ತಿಂಡಿಯನ್ನು ನಮ್ಮ ಮನೆಯಲ್ಲಿ ಎಸೆಯುವುದಿಲ್ಲ. ಮಡಿಕೇರಿ ಹತ್ತಿರದ ಗಾಳಿಬೀಡಿನಲ್ಲಿ ಹೋಂಸ್ಟೇ ನಡೆಸುವ ಬೇರೆ ಮನೆಗಳಲ್ಲೂ ಹೀಗೇ ಇರಬೇಕು. ಒಡೆಯದ ಚಿಪ್ಸ್ ಪೊಟ್ಟಣ, ಅರ್ಧ ಬಾಟಲಿ ಜಾಮ್, ಹೆಸರು ಹೇಳಲು ಬಾರದ ಚೀಸ್, ಎಲ್ಲವೂ ನಮ್ಮ ಅಡುಗೆಮನೆಗೆ ಬರುತ್ತವೆ. ಆಗ ನನ್ನ ಮಗುವಿಗೆ ಮೂರು ತಿಂಗಳು. ಹಾಲೂಡಿಸುವವಳ ಹಸಿವಿಗೆ ಹೊತ್ತುಗೊತ್ತಿಲ್ಲ. ಕಣ್ಣಿಗೆ ಬಿದ್ದದ್ದೆಲ್ಲ ಬಾಯಿಗೆ ಹೋಗುತ್ತಿತ್ತು.

ಆ ಬೆಳಿಗ್ಗೆ ಕೋಣೆ ಖಾಲಿ ಮಾಡಿದವರು ಬೆಂಗಳೂರಿನ ಗಂಡ ಹೆಂಡತಿ. ಆಕೆ ಬಸುರಿ, ವಾಂತಿ ಮಾಡಿ ಮಾಡಿ ಸೋತುಹೋಗಿದ್ದಳು. ನಾನೇ ನಿಂಬೆಹಣ್ಣಿಗೆ ಉಪ್ಪು ಹಾಕಿ ಕೊಟ್ಟಿದ್ದೆ. ಅವರ ಕೋಣೆಯ ಪುಟ್ಟ ಫ್ರಿಜ್‌ನಲ್ಲಿ ಒಂದು ಡಬ್ಬಿ ಉಳಿದಿತ್ತು, ಒಳಗೆ ಚಾಕೊಲೇಟ್ ಕೇಕಿನ ತುಂಡುಗಳು. ಹಾಸಿಗೆಯ ಬಟ್ಟೆ ಬದಲಿಸುತ್ತಲೇ ಎರಡು ತಿಂದೆ. ಹುಲ್ಲು ಅಗಿದ ಹಾಗಿತ್ತು. ರುಚಿ ಇಲ್ಲದ್ದಕ್ಕೇ ಹೆಚ್ಚು ದುಡ್ಡು ಕೊಡುವ ಜನ ಎಂದು ಮನಸ್ಸಿನಲ್ಲೇ ನಕ್ಕು ಇನ್ನೊಂದನ್ನೂ ತಿಂದೆ.

ಬಟ್ಟೆ ಒಗೆದು ಹರವುವಷ್ಟರಲ್ಲಿ ಬಾಯಿ ಒಣಗಿತು. ಕಾಫಿ ಒಣಗಿಸುವ ಕಣದಲ್ಲಿ ನಿಂತಿದ್ದೆ. ನೋಡನೋಡುತ್ತ ಕಣದ ಅಂಚು ದೂರ ದೂರ ಹೋಯಿತು. ಎದೆ ಡವಡವ. ಯಾರೋ ಬೆನ್ನ ಹಿಂದೆ ಉಸಿರಾಡುತ್ತಿದ್ದಾರೆ ಅನ್ನಿಸಿ ತಿರುಗಿದರೆ ಯಾರೂ ಇಲ್ಲ. ಅತ್ತೆಯನ್ನು ಕೂಗಿದೆ.

ಅತ್ತೆ ಓಡಿಬಂದು ನನ್ನ ಕೆಂಪು ಕಣ್ಣು ನೋಡಿದರು. ನನ್ನನ್ನು ಅವರು ಗೂಡೆ, ಅಂದರೆ ಹುಡುಗಿ, ಎಂದೇ ಕರೆಯುವುದು. "ಎಂತ ಆತ್ ಗೂಡೆ? ತಲೆಗೆ ಬಟ್ಟೆ ಕಟ್ಟದೆ ಹೊರಗೆ ಹೋಗ್ಬೇಡಾಂತ ಹೇಳ್ದೆ ಅಲ್ಲಾ!" ಗಾಳಿ ಹೊಕ್ಕು ಬಾಣಂತಿ ಸನ್ನಿ ಹಿಡಿಯಿತೆಂದೇ ಅವರು ತಿಳಿದರು. ನಾನೂ ಹಾಗೇ ತಿಳಿದೆ. ಸನ್ನಿ ಹಿಡಿದವಳ ಕೈಗೆ ಮಗು ಕೊಡಬಾರದೆಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ಇವರು ಕಿತ್ತುಕೊಳ್ಳುವ ಮೊದಲು ಹೊಟ್ಟೆ ತುಂಬಾ ಕುಡಿಸಿಬಿಡುತ್ತೇನೆ ಎಂದು ಒಳಗೆ ಓಡಿ, ಬಾಗಿಲು ಹಾಕಿಕೊಂಡು, ಮಗುವನ್ನು ಎದೆಗೆ ಹಚ್ಚಿದೆ. ಎರಡೂ ಕಡೆ ಕುಡಿಯಿತು.

ಅದು ಕುಡಿದು ಮಲಗಿದ ಮೇಲೆ ಫೋನ್ ಬಂತು. ಬೆಂಗಳೂರಿನ ಆ ಹುಡುಗಿ.

"ಅಕ್ಕಾ, ಫ್ರಿಜ್‌ನಲ್ಲಿ ಡಬ್ಬಿ ಬಿಟ್ಟು ಬಂದಿದ್ದೀವಿ. ಯಾರಿಗೂ ಕೊಡ್ಬೇಡಿ, ಎಸೆದ್ಬಿಡಿ. ಅದರಲ್ಲಿ ಗಾಂಜಾ ಇದೆ. ವಾಂತಿ ನಿಲ್ಲುತ್ತೆ ಅಂತ ನಾನು ತಿನ್ನೋದು. ಸೊಪ್ಪು ತಾನೇ, ಏನೂ ಆಗಲ್ಲ ಅಂದ್ರು."

"ನಾನು ತಿಂದೆ," ಅಂದೆ. "ತಿಂದು ಮಗುವಿಗೆ ಹಾಲೂ ಕೊಟ್ಟೆ. ಈಗ ಮಲಗಿದೆ."

ಫೋನನ್ನು ಹಾಸಿಗೆಗೆ ಎಸೆದು ಮಗುವಿನ ಕಡೆ ತಿರುಗಿದೆ.

ಸನ್ನಿಯಲ್ಲ ಎಂದು ಗೊತ್ತಾದಾಗ ಸಮಾಧಾನವಾಗಬೇಕಿತ್ತು. ಜೀವವೇ ಬಾಯಿಗೆ ಬಂತು. ಮಗುವಿನ ಅಂಗಾಲು ಕೆರೆದೆ, ಕೆನ್ನೆ ತಟ್ಟಿದೆ, ಒದ್ದೆ ಬಟ್ಟೆಯಲ್ಲಿ ಮುಖ ಒರೆಸಿದೆ. ತುಟಿ ಒಮ್ಮೆ ಅಲುಗಿತು, ಕಣ್ಣು ತೆರೆಯಲಿಲ್ಲ.

ನನ್ನ ಗಂಡ ಜೀಪು ತೆಗೆದರು. ಮಡಿಕೇರಿಯವರೆಗೂ ಮಗುವಿನ ಮೂಗಿನ ಕೆಳಗೆ ಬೆರಳಿಟ್ಟುಕೊಂಡೇ ಕೂತಿದ್ದೆ. ತಿರುವಿನಲ್ಲಿ ಬೆರಳು ಜಾರಿದರೆ ಉಸಿರೇ ನಿಂತಿತೆಂದು ಚೀರುತ್ತಿದ್ದೆ. ಅತ್ತೆ ಮೆಲ್ಲಗೆ, "ಡಾಕ್ಟ್ರ ಹತ್ರ ಆ ಗಾಂಜಾದ ಸುದ್ದಿ ಬೇಡ. ಪೊಲೀಸ್ ಗೀಲೀಸ್ ಬಂದ್ರೆ ಎಂತ ಮಾಡದ್?" ಅಂದರು. ಹೋಂಸ್ಟೇಗೆ ಬೆಂಕಿ ಬೀಳಲಿ ಎಂದು ಕಿರುಚಿಬಿಟ್ಟೆ. ಆದರೆ ಭಯ ನನಗೂ ಇತ್ತು. ಇವಳೆಂಥ ತಾಯಿ ಎಂದು ಕೇಳಿದರೆ?

ಆದರೂ ಆಸ್ಪತ್ರೆಯಲ್ಲಿ ಎಲ್ಲ ಹೇಳಿಬಿಟ್ಟೆ. ಡಾಕ್ಟರಮ್ಮ ಹಾಗೆ ಕೇಳಲಿಲ್ಲ. ಯಾವಾಗ ತಿಂದದ್ದು, ಆಮೇಲೆ ಎಷ್ಟು ಸಲ ಕುಡಿಸಿದ್ದು ಎಂದಷ್ಟೇ ಕೇಳಿದರು. ಮಗುವನ್ನು ಮಲಗಿಸಿ ಕಾಲಿಗೆ ಯಂತ್ರದ ವೈರು ಸುತ್ತಿ ಉಸಿರು ನೋಡತೊಡಗಿದರು. "ಅದು ಕೊಬ್ಬಿನಲ್ಲಿ ಸೇರಿಕೊಂಡು ಹಾಲಿಗೆ ಬರುತ್ತೆ. ಎಷ್ಟು ದಿನ ಇರುತ್ತೆ ಅಂತ ಖಚಿತವಾಗಿ ಹೇಳಕ್ಕಾಗಲ್ಲ. ನಾನು ಹೇಳೋ ತನಕ ಎದೆಹಾಲು ಬೇಡ, ಹಿಂಡಿ ಚೆಲ್ಲಿ." ನಿದ್ದೆ ಅದರಿಂದಲೇ ಎಂದೂ ಅನ್ನಲಿಲ್ಲ, ಅಲ್ಲ ಎಂದೂ ಅನ್ನಲಿಲ್ಲ. ಮುಂದೆ ಏನಾದರೂ ಆಗುತ್ತದೆಯೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಸಂಜೆ ಮಗು ಎದ್ದಿತು. ಎದ್ದು, ವಾರ್ಡಿನವರೆಲ್ಲ ತಿರುಗಿ ನೋಡುವ ಹಾಗೆ ಅತ್ತಿತು. ನಾನೂ ಅತ್ತುಬಿಟ್ಟೆ. ಅಷ್ಟರಲ್ಲಿ ಮತ್ತೆ ಆ ಹುಡುಗಿಯ ಫೋನ್.

"ಅಳೋದು ಕೇಳಿಸ್ತಿದೆ. ಎದ್ದಿದೆ ಅಲ್ವಾ ಅಕ್ಕಾ?"

ಎಂಥೆಂಥ ಬೈಗುಳ ಕೂಡಿಟ್ಟುಕೊಂಡಿದ್ದೆ! ಬಾಯಿ ತೆರೆಯುವ ಮೊದಲೇ ಅವಳ ದನಿ ಸಣ್ಣದಾಯಿತು. "ಡಾಕ್ಟರ್... ಹೊಟ್ಟೇಲಿರೋ ಮಗುಗೆ ಏನಾಗುತ್ತೆ ಅಂತ ಏನಾದ್ರೂ ಹೇಳಿದ್ರಾ?"

ಉಸಿರಿದೆಯೇ ಎಂದು ಬೆರಳಿಟ್ಟು ನೋಡಲು ಅವಳಿಗೆ ಮಗುವಿನ ಮೂಗೂ ಕೈಗೆ ಸಿಗುವಂತಿರಲಿಲ್ಲ. "ಇನ್ನು ತಿನ್ಬೇಡ. ನಾಳೆ ಅನ್ನದೆ ಹೋಗಿ ತೋರಿಸು. ತಿಂದದ್ದನ್ನು ಮುಚ್ಚಿಡಬೇಡ," ಅಂದೆ. ಅವಳು ಅಳುತ್ತಲೇ ಫೋನ್ ಇಟ್ಟಳು. ಹೋದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಗು ನನ್ನ ವಾಸನೆ ಹಿಡಿದು ಎದೆಗೆ ಬಾಯಿ ತಂದಿತು. ಅತ್ತೆ ಬಾಟಲಿ ಹಿಡಿದು ಕೈ ಚಾಚಿದರು. ಮಗುವನ್ನು ಅವರಿಗೆ ಕೊಟ್ಟು ಬಾಗಿಲಾಚೆ ಹೋಗಿ ನಿಂತೆ. ಅದು ಬಾಟಲಿ ಒಲ್ಲದೆ ಅಳುತ್ತಿತ್ತು, ನನ್ನ ರವಿಕೆ ತೊಯ್ಯುತ್ತಿತ್ತು.