ಹಕ್ಕಿಗಳಿಗೆಂದು ಬಿತ್ತಿದ ಹುಚ್ಚೆಳ್ಳು

ಕಳೆದ ವಾರ ನನ್ನ ಹೆಂಡತಿ ಹುಚ್ಚೆಳ್ಳು ಹುರಿಯುತ್ತಿದ್ದಳು. ಬಾಣಲೆಯಲ್ಲಿ ಕಾಳು ಚಟಪಟ ಸಿಡಿದು, ಅದರ ಎಣ್ಣೆಗಂಪು ಜಗಲಿಯವರೆಗೂ ಬಂತು. ಓದುತ್ತಿದ್ದ ಪೇಪರನ್ನು ಮಡಚಿಟ್ಟೆ. ಹಂಪಾಪುರದ ಹತ್ತಿರದ ಒಂದು ಹಳ್ಳಿ, ಅಲ್ಲೊಂದು ಹೆಂಚಿನ ಮನೆ, ಅದರ ಮುಂದೆ ಮೊರ ಹಿಡಿದು ಕಾಳು ಕೇರುತ್ತಾ ಕೂತಿದ್ದ ಅವ್ವ... ಎಲ್ಲವೂ ಒಟ್ಟಿಗೇ ಕಣ್ಣಿಗೆ ಬಂತು.

ಅವರು ನನಗೆ ಸಂಬಂಧಿಕರೇನಲ್ಲ. ನಾನು ಆಗ ಹುಣಸೂರಿನ ಒಬ್ಬ ಕಾಳಿನ ವ್ಯಾಪಾರಿಯ ಬಳಿ ಕೆಲಸಕ್ಕಿದ್ದೆ. ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಕಡೆ ಊರೂರು ಸುತ್ತಿ ಹುಚ್ಚೆಳ್ಳು, ಹರಳು, ಅವರೆ ಖರೀದಿ ಮಾಡುವುದು ನನ್ನ ಕೆಲಸ. ಆ ಊರಿನಲ್ಲಿ ಕಾಳು ಬೇಕೆಂದರೆ ಮೊದಲು ಅವರನ್ನು ಕಾಣಬೇಕಿತ್ತು. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು. ಮಗ ದುಡಿಮೆಗೆಂದು ಬೇರೆ ಊರಿನಲ್ಲಿದ್ದ. ಎರಡೆಕರೆ ಮಳೆಯಾಧಾರದ ಹೊಲವನ್ನು ಸೊಸೆಯ ಜೊತೆ ತಾವೇ ನಿಂತು ಮಾಡುತ್ತಿದ್ದರು. ನನ್ನ ತಾಯಿಯ ವಯಸ್ಸಿನವರು, ಹಾಗಾಗಿ ನಾನು ಅವ್ವ ಎನ್ನುತ್ತಿದ್ದೆ. ಯಾರ ಮನೆಯ ಕಾಳಾದರೂ ಸರಿ, ನಾಲ್ಕು ಬಾಯಿಗೆ ಹಾಕಿಕೊಂಡು ಕಡಿದು ನೋಡಿ, "ಇನ್ನೆಲ್ಡ್ ಬಿಸ್ಲು ಬೇಕು ಕಣಪ್ಪ" ಎಂದರೆ ಮುಗಿಯಿತು. ಆ ಕಾಳು ಇನ್ನೆರಡು ದಿನ ಒಣಗಲೇಬೇಕಿತ್ತು.

ನಮ್ಮ ಕಡೆ ಹುಚ್ಚೆಳ್ಳನ್ನು ಹೊಲದ ತುಂಬ ಬಿತ್ತುವ ರೂಢಿ ಇಲ್ಲ. ರಾಗಿಯ ನಡುವೆ ಒಂದೊಂದು ಸಾಲು, ಇಲ್ಲವೇ ಹೊಲದ ಅಂಚಿಗೆ ಒಂದಿಷ್ಟು. ದನ ಅದಕ್ಕೆ ಬಾಯಿ ಹಾಕುವುದಿಲ್ಲವಾದ್ದರಿಂದ ಅದೇ ಬೇಲಿ. ಆದರೆ ಒಂದು ವರ್ಷ ನಮ್ಮ ಯಜಮಾನರು, ಅಮೆರಿಕಕ್ಕೆ ಬಹಳ ಕಾಳು ಹೋಗಬೇಕು, ಎಷ್ಟು ಬೆಳೆದರೂ ನಾವೇ ಕೊಳ್ಳುತ್ತೇವೆ ಎಂದು ಹೇಳಿ ಕಳಿಸಿದರು. ನಾನು ಹೋಗಿ ಅವ್ವನಿಗೆ ಹೇಳಿದೆ. ಎರಡು ದಿನ ಅವರು ಹೊಲ ಸುತ್ತಿ ನೋಡಿದರು. ಮೂರನೆಯ ದಿನ ಒಂದೆಕರೆಗೆ ಹುಚ್ಚೆಳ್ಳನ್ನೇ ಬಿತ್ತಿದರು. ಅವರು ಬಿತ್ತಿದ್ದನ್ನು ನೋಡಿ ಊರಿನ ಐದಾರು ಮನೆಯವರೂ ಬಿತ್ತಿದರು. ಹೂವು ಬಿಟ್ಟಾಗ ಊರಿನ ದಿಣ್ಣೆಯೆಲ್ಲ ಹಳದಿಯಾಗಿ, ದಾರಿಯಲ್ಲಿ ನಿಂತರೂ ಜೇನುಹುಳುಗಳ ಸದ್ದು ಕೇಳುತ್ತಿತ್ತು.

ಕಾಳು ಕಟ್ಟುವ ಹೊತ್ತಿಗೆ ಸುದ್ದಿ ಬಂತು. ವ್ಯಾಪಾರದ ವಿಷಯಕ್ಕೆ ಎರಡು ಸರ್ಕಾರಗಳ ನಡುವೆ ತಿಕ್ಕಾಟವಾಗಿ, ಅಮೆರಿಕದವರು ನಮ್ಮ ಸರಕಿನ ಮೇಲೆ ಸುಂಕ ಏರಿಸಿದ್ದರು. ಅಲ್ಲಿ ಕೊಳ್ಳುವವರಿಗೆ ನಮ್ಮ ಕಾಳು ದುಬಾರಿಯಾಯಿತು, ಅವರು ಬೇರೆ ದೇಶದ ಕಡೆ ತಿರುಗಿದರು. ಯಜಮಾನರು, "ಈ ಸಲ ಖರೀದಿ ಇಲ್ಲ ಅಂತ ಹೇಳ್ಬುಟ್ಟು ಬಾ" ಎಂದರು. ಹೇಗೆ ಹೇಳುವುದು? ಇವತ್ತು ನಾಳೆ ಎಂದು ದಿನ ತಳ್ಳಿದೆ. ನಾನು ಹೋಗುವಷ್ಟರಲ್ಲಿ ಕೊಯ್ದು, ಬಡಿದು, ಮೂಟೆ ಕಟ್ಟಿಯಾಗಿತ್ತು.

ಹೇಳಿದೆ. ಅವ್ವ ಮೊರವನ್ನು ತೊಡೆಯ ಮೇಲಿಟ್ಟುಕೊಂಡರು.

"ಅಲ್ಲಾ ಕಣಪ್ಪ, ಅಮೆರಿಕದೋರು ಇದ್ರಲ್ಲಿ ಏನ್ ಮಾಡ್ತಾರೆ? ಎಣ್ಣೆ ತೆಗೀತಾರಾ?"

"ಇಲ್ಲ ಅವ್ವ. ಹಕ್ಕಿಗೆ ಹಾಕ್ತಾರೆ. ಮನೆ ಮುಂದೆ ಕಾಳು ನೇತಾಕಿ, ಹಕ್ಕಿ ಬಂದು ತಿನ್ನೋದನ್ನ ನೋಡ್ತಾರಂತೆ."

ಅಲ್ಲಿಯವರೆಗೆ ಇದನ್ನು ನಾನು ಹೇಳಿರಲಿಲ್ಲ, ಅವರೂ ಕೇಳಿರಲಿಲ್ಲ.

"ಅಕ್ಕಿ ಪಕ್ಸಿಗಾ!" ಎಂದು ಅವರು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, ಸೆರಗಿನಲ್ಲಿ ಒರೆಸಿಕೊಂಡರು. ಅಷ್ಟರಲ್ಲಿ ಸುದ್ದಿ ತಿಳಿದು ಅವರ ಮೈದುನ ಬಂದ.

"ಅತ್ತಿಗೆ, ನಿನ್ ಮಾತ್ ಕೇಳ್ಕೊಂಡು ರಾಗಿ ಬುಟ್ಟು ಇದ್ನ ಬಿತ್ತುದ್ವಿ. ಈಗೇನ್ ಮಾಡಾನೆ ಯೋಳು?" ಎಂದು ಕೇಳಿ, ನನ್ನ ಕಡೆ ತಿರುಗಿ ಕೆಂಡದಂತೆ ನೋಡಿದ.

"ಅವನ್ನೇನ್ ನೋಡಿಯೆ? ಸುಂಕ ಆಕಿದ್ದು ಅವನಾ?" ಎಂದರು ಅವ್ವ. "ದೊಡ್ಡೋರ್ ದೊಡ್ಡೋರು ಕಿತ್ತಾಡ್ಕಂಡವ್ರೆ. ಕಾಳೇನ್ ಕೆಟ್ಟೋಗಿಲ್ವಲ್ಲ. ನಮ್ಮಪ್ಪನ ಕಾಲ್ದಲ್ಲಿ ಇದ್ನ ಮನುಸ್ರೇ ತಿಂತಿದ್ರು ಕಣಾ."

ನನಗೆ ಹೇಳಿದರು: "ನಿಂಗೆ ಪ್ಯಾಟೆ ಗೊತ್ತು, ನಂಗೆ ಕಾಳು ಗೊತ್ತು. ನಾಳೀಕೆ ಗಾಡಿ ತಗಂಡ್ ಬಾ."

ಮಾರನೆಯ ದಿನ ಮೂರು ಮೂಟೆ ಹೇರಿಕೊಂಡು ಹುಣಸೂರಿಗೆ ಬಂದೆವು. ಅಲ್ಲೊಬ್ಬರ ಎಣ್ಣೆ ಗಾಣವಿತ್ತು. ಹೊರದೇಶದ ಎಣ್ಣೆ ಪಾಕೀಟಿನಲ್ಲಿ ಅಗ್ಗಕ್ಕೆ ಸಿಗುವಾಗ ಗಾಣಕ್ಕೆ ಬರುವವರು ಯಾರು? ವಾರದಲ್ಲಿ ಎರಡು ದಿನ ಓಡಿದರೆ ಹೆಚ್ಚು. ಗಾಣದವರು ಕಾಳನ್ನು ಕೈಗೆತ್ತಿಕೊಂಡು ನೋಡಿ, "ಎಷ್ಟು ಕಾಲ ಆಯ್ತವ್ವ ಇಂಥ ಕಾಳ್ ನೋಡಿ" ಎಂದರು. ಕೂಲಿಯ ಬದಲು ಹಿಂಡಿಯನ್ನು ಇಟ್ಟುಕೊಂಡು ಅರೆದುಕೊಟ್ಟರು.

ಮೊದಲ ಸಂತೆಯಲ್ಲಿ ಎಣ್ಣೆಯನ್ನು ಯಾರೂ ಕೇಳಲಿಲ್ಲ. ಪಾಕೀಟಿನ ಎಣ್ಣೆಯಂತೆ ತಿಳಿಯಾಗಿಲ್ಲದ ಬಣ್ಣ ನೋಡಿ ಮುಂದೆ ಹೋದರು. ನಾನು ಸೋತು ಕೂತೆ. ಮುಂದಿನ ಸಂತೆಗೆ ಅವ್ವ, ಸೊಸೆಯ ಕೈಯಲ್ಲಿ ಹುಚ್ಚೆಳ್ಳಿನ ಚಟ್ನಿಪುಡಿ ಕುಟ್ಟಿಸಿ, ಬಿಸಿ ಮುದ್ದೆಯನ್ನು ಡಬ್ಬಿಯಲ್ಲಿ ತಂದರು. ದಾರಿಯಲ್ಲಿ ಹೋಗುವವರನ್ನು ಕರೆದು, ಗೋಲಿಯಷ್ಟು ಮುದ್ದೆಗೆ ಪುಡಿ, ಎಣ್ಣೆ ಹಚ್ಚಿ ಅಂಗೈಗೆ ಇಟ್ಟರು. "ತಿಂದ್ ನೋಡವ್ವ, ತಕ್ಕೊಳ್ದಿದ್ರೆ ಬುಡು." ಒಬ್ಬ ಮುದುಕ ತಿಂದವನು ಅಲ್ಲೇ ನಿಂತುಬಿಟ್ಟ. ಇನ್ನೊಂದು ಸಲ ಕೈಯೊಡ್ಡಿದ. ಆಮೇಲೆ ಜನ ಬಂದರು. ಪಿರಿಯಾಪಟ್ಟಣದಿಂದ ಬಂದಿದ್ದ, ಉಪ್ಪಿನಕಾಯಿ ಮಾಡಿ ಮಾರುವ ಹೆಂಗಸೊಬ್ಬರು, "ತಿಂಗ್ಳು ತಿಂಗ್ಳು ಕೊಡ್ತೀರಾ?" ಎಂದು ಕೇಳಿದರು. ಈ ಎಣ್ಣೆ ಬಹಳ ದಿನ ಇಟ್ಟರೆ ಕಮಟು ಹಿಡಿಯುತ್ತದೆ. ಬೇಕಾದಾಗ ಬೇಕಾದಷ್ಟೇ ಅರೆಸಿ ಕೊಡುತ್ತೇನೆ ಎಂದು ಅವ್ವ ಮಾತು ಕೊಟ್ಟರು. ಮೊದಲು ಅರೆಸಿದ್ದು ಮೈದುನನ ಮನೆಯ ಕಾಳನ್ನು, ಕೊನೆಗೆ ತಮ್ಮದನ್ನು.

ಅಮೆರಿಕದವರು ಕೊಡುತ್ತೇವೆಂದಿದ್ದ ಬೆಲೆ ಸಿಗಲಿಲ್ಲ, ಅದನ್ನು ಮುಚ್ಚಿಡಲಾರೆ. ಆದರೆ ಯುಗಾದಿಯ ಹೊತ್ತಿಗೆ ಬಿತ್ತನೆಗೆ ಎತ್ತಿಟ್ಟದ್ದು ಬಿಟ್ಟರೆ ಊರಿನಲ್ಲಿ ಒಂದು ಮೂಟೆಯೂ ಉಳಿದಿರಲಿಲ್ಲ. ನಾನು ಯಜಮಾನರ ಕೆಲಸ ಬಿಟ್ಟು ಆ ಊರಿನ ಎಣ್ಣೆ, ಪುಡಿಯನ್ನೇ ಅಂಗಡಿಗಳಿಗೆ ಹಾಕತೊಡಗಿದೆ. ಮುಂದಿನ ಮುಂಗಾರಿಗೆ ಅವ್ವ ರಾಗಿಯನ್ನು ಹೆಚ್ಚು ಮಾಡಿಸಿದರು. ಹುಚ್ಚೆಳ್ಳನ್ನೂ ಬಿಡಲಿಲ್ಲ.

ಅವರು ಹೋದದ್ದು ಕಳೆದ ಬೇಸಿಗೆಯಲ್ಲಿ. ನಾಲ್ಕು ದಿನದ ಜ್ವರ, ಅಷ್ಟೇ... ನಾನು ಕೆ.ಆರ್. ನಗರದ ಕಡೆ ಹೋಗಿದ್ದೆ, ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣಾಗಿತ್ತು. ಮುಖ ನೋಡಲಾಗಲಿಲ್ಲವಲ್ಲ ಎಂಬ ನೋವು ಇನ್ನೂ ಹೋಗಿಲ್ಲ.

ಮೊನ್ನೆ ನನ್ನ ಹಳೆಯ ಯಜಮಾನರ ಫೋನು ಬಂತು. ಸುಂಕ ಇಳಿಯುವ ಮಾತಿದೆಯಂತೆ, ಅಮೆರಿಕದವರು ಮತ್ತೆ ವಿಚಾರಿಸುತ್ತಿದ್ದಾರಂತೆ. ಆ ಊರಿನ ಕಾಳೆಲ್ಲ ಬೇಕು ಎಂದರು. ನಾನು ಹೋಗಿ ಅವ್ವನ ಸೊಸೆಯನ್ನು ಕೇಳಿದೆ. ಆಕೆ ಹೊಲದ ಅಂಚಿನಲ್ಲಿ ನಿಂತು, ಸ್ವಲ್ಪ ಯೋಚಿಸಿ, "ಅರ್ಧ ಕೊಡ್ತೀವಿ ಕಣಣ್ಣ. ಇನ್ನರ್ಧ ಆಗಾಕಿಲ್ಲ. ಪಿರಿಯಾಪಟ್ಣದ ಅಕ್ಕಂಗೆ ಮಾತು ಕೊಟ್ಟಾಗದೆ" ಎಂದಳು.

ಅದನ್ನೇ ಫೋನಿನಲ್ಲಿ ಹೇಳಿದೆ. ಯಜಮಾನರು, "ಆಯ್ತು, ಅರ್ಧನೇ ಕೊಡ್ಲಿ. ಆ ಊರಲ್ಲಿ ಈಗ ಮಾತು ಯಾರದ್ದು?" ಎಂದು ಕೇಳಿದರು.

ಅವ್ವನ ಹೆಸರು ಬಾಯಿಗೆ ಬಂದಿತ್ತು. ತಡೆದುಕೊಂಡು ಹೇಳಿದೆ: "ಈಗ ಅವರ ಸೊಸೆಯದು."