ಆಶ್ವೀಜದ ಕೂಲಿ

ರೊಕ್ಕ ಕೈ ಬಿಡುವ ಮುಂಚೆಯೇ ಖರ್ಚು ಬರೆದುಬಿಡುತ್ತಿದ್ದರು ನಮ್ಮ ಲೆಕ್ಕದ ಗಂಗಾಬಾಯಿ. ಶಹಾಬಾದಿನ ನಮ್ಮ ನೆಲಹಾಸಿನ ಫರಸಿ ಕಲ್ಲಿನ ಅಂಗಡಿಗೆ ಲಾರಿ ರಿಪೇರಿಯವನು ಬಂದು, ಕೆಲಸ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ ಅವನ ಮಜೂರಿ ಅವರ ಪುಸ್ತಕಕ್ಕೆ ಏರಿರುತ್ತಿತ್ತು. ನಾನು ಕೊಡುತ್ತಿದ್ದದ್ದು ಮುಂದಿನ ತಿಂಗಳು. ಕೊಡದೇ ಖರ್ಚು ಹೇಗಾಯಿತು ಎಂದು ರೇಗಿದರೆ, ಕನ್ನಡಕದ ಮೇಲಿನಿಂದ ನೋಡಿ, “ಲಾರಿ ಓಡಾಕತ್ತದಲ್ರಿ? ಹಂಗಾರ ಖರ್ಚ ಆತು” ಎನ್ನುತ್ತಿದ್ದರು.

ಅವರ ತಂದೆ ಹೈದರಾಬಾದಿನ ಬಟ್ಟೆ ಅಂಗಡಿಯಲ್ಲಿ ಮುನೀಮರಾಗಿದ್ದವರು, ಲೆಕ್ಕ ಕಲಿಸಿದ್ದು ಅವರೇ. ಗಂಡನಿಗೆ ವಾಡಿಯ ರೈಲ್ವೆಯಲ್ಲಿ ನೌಕರಿ. ಬಾಯಿ ದಿನಾ ಮುಂಜಾನೆ ಅಲ್ಲಿಂದ ಪ್ಯಾಸೆಂಜರಿನಲ್ಲಿ ಬಂದು ಲೆಕ್ಕದ ಗಾದಿಯ ಮೇಲೆ ಕೂರುತ್ತಿದ್ದರು. ಎಪ್ಪತ್ತರ ದಶಕದಲ್ಲಿ ಗಾದಿಯ ಮೇಲೆ ಹೆಂಗಸೇ ಎಂದು ಉಳಿದ ವ್ಯಾಪಾರಸ್ಥರು ನಕ್ಕರು. ತಮ್ಮ ಬಿಲ್ಲುಗಳು ಕೆಂಪು ಶಾಯಿಯ ಗೀಟು ಹೊತ್ತು ವಾಪಸು ಬರತೊಡಗಿದ ಮೇಲೆ ನಗುವುದನ್ನು ಬಿಟ್ಟರು. ನಾನೋ, ಅವರು ಬೇರೆಯವರ ತಪ್ಪು ಹಿಡಿಯುತ್ತಿದ್ದಷ್ಟು ಕಾಲ ಅವರನ್ನು ಎಲ್ಲರೆದುರು ಹೊಗಳಿಕೊಂಡು ತಿರುಗಿದೆ.

ನಮ್ಮಲ್ಲಿ ದೀಪಾವಳಿಗೆ ಹಳೆಯ ಪುಸ್ತಕ ಮುಗಿಸಿ, ಪಾಡ್ಯದ ದಿನ ಹೊಸ ಪುಸ್ತಕಕ್ಕೆ ಪೂಜೆ ಮಾಡುತ್ತೇವೆ. ಆ ವರ್ಷ ಅಂಗಡಿಯ ಅರ್ಧ ಪಾಲನ್ನು ಸೇಡಂನ ಈರಣ್ಣ ಸಾಹುಕಾರರಿಗೆ ಮಾರುವ ಮಾತಾಗಿತ್ತು. ಬೆಲೆ ಹಳೆಯ ಪುಸ್ತಕದ ಲಾಭದ ಮೇಲೆ. ಆಶ್ವೀಜವಿಡೀ ನಮ್ಮ ಖಣಿಯಲ್ಲಿ ಕೂಲಿಯವರು ಕಲ್ಲು ಎಬ್ಬಿಸಿದ್ದರು, ರಾಶಿ ಅಂಗಳದಲ್ಲಿತ್ತು. ರಾಶಿಯನ್ನು ಲಾಭದಲ್ಲಿ ಹಿಡಿದು, ಕೂಲಿಯನ್ನು ಪಾಡ್ಯ ಕಳೆದ ಮೇಲೆ ಕೊಟ್ಟರೆ ಅದು ಹೊಸ ಪುಸ್ತಕಕ್ಕೆ ಬೀಳುತ್ತದೆ, ಅರ್ಧ ಸಾಹುಕಾರರ ತಲೆಗೆ ಹೋಗುತ್ತದೆ. ಭಾರಿ ಜಾಣನೆಂದು ನನ್ನ ಬೆನ್ನು ನಾನೇ ತಟ್ಟಿಕೊಂಡಿದ್ದೆ.

ಹಬ್ಬಕ್ಕೆ ನಾಲ್ಕು ದಿನ ಮುಂಚೆ ನೋಡಿದರೆ, ಒಬ್ಬೊಬ್ಬ ಕೂಲಿಯವನ ಹೆಸರು, ಅವನು ಎಬ್ಬಿಸಿದ ಕಲ್ಲಿನ ಅಳತೆ, ಕೊಡಬೇಕಾದ ಮೊತ್ತ, ಕೊನೆಗೆ ಬಂಡೆ ಸಿಡಿಸಿದ ಮದ್ದಿನ ಖರ್ಚು, ಎಲ್ಲ ಹಳೆಯ ಪುಸ್ತಕದಲ್ಲಿ. ಲಾಭ ಅರ್ಧಕ್ಕರ್ಧ ಕರಗಿತ್ತು. ಆ ಪುಟ ತೆಗೆದು ಬೇರೆ ಬರೆಯಿರಿ ಎಂದೆ.

“ಕಲ್ಲು ಆಶ್ವೀಜದಾಗ ಎದ್ದಾವ. ಕೂಲಿನೂ ಆಶ್ವೀಜದ್ದೇ. ರೊಕ್ಕ ನೀವು ಯಾವಾಗರ ಕೊಡ್ರಿ” ಎಂದರು.

ಅಂಗಡಿ ನನ್ನದು, ಪುಸ್ತಕ ನನ್ನದು ಎಂದು ಕೂಗಾಡಿದೆ.

“ಪುಸ್ತಕ ನಿಮ್ದು ಖರೆ. ಅಕ್ಷರ ನಂದು. ಅವು ಸುಳ್ಳು ಹೇಳಂಗಿಲ್ಲ.”

ನಾಳೆಯಿಂದ ಬರಬೇಡಿ ಎಂದುಬಿಟ್ಟೆ. ಅಂದು ತಿಂಗಳ ಹನ್ನೆರಡನೆಯ ತಾರೀಖು. ಪೆನ್ನಿಗೆ ಟೋಪಿ ಹಾಕಿ, ಬಗಲಿಗೆ ಚೀಲ ಏರಿಸಿ ಎದ್ದು ಹೋದರು. ಒಂದು ಮಾತು ಬೇಡಿಕೊಂಡಿದ್ದರೆ ನಾನು ಕರಗುತ್ತಿದ್ದೆ, ಅದು ಅವರಿಗೂ ಗೊತ್ತಿತ್ತು.

ಬಾಡಿಗೆ ಮುನೀಮನನ್ನು ಕರೆಸಿ, ಕೂಲಿ ಬಿಟ್ಟು ಹಳೆಯ ವರ್ಷದ ಲೆಕ್ಕವನ್ನು ಬೇರೆ ಪುಸ್ತಕದಲ್ಲಿ ಹೊಸದಾಗಿ ಬರೆಸಿದೆ. ಪಾಡ್ಯದ ದಿನ ಸಾಹುಕಾರರು ಪುಸ್ತಕ ತಿರುವಿ, ಅಂಗಳಕ್ಕಿಳಿದು ರಾಶಿ ನೋಡಿ ಬಂದರು. ಇಷ್ಟು ಕಲ್ಲು ತಾನೇ ಎದ್ದು ಬಂತೇ ಎಂದು ಮೆಲ್ಲಗೆ ಕೇಳಿದರು. ಗಂಗಾಬಾಯಿಯ ಲೆಕ್ಕ ಬಲ್ಲ ಅವರು, ಆಕೆ ಬರೆದ ಪುಸ್ತಕವನ್ನೇ ತರಿಸಿಕೊಂಡು, ಅದರ ಮೇಲೆ ಬೆಲೆ ಕಟ್ಟಿದರು. ಆ ಹೆಣ್ಣುಮಗಳು ಗಾದಿಯ ಮೇಲೆ ಇದ್ದರಷ್ಟೇ ತಾವು ರೊಕ್ಕ ಹಾಕುವುದಾಗಿ ಹೇಳಿದರು.

ಇಡೀ ತಿಂಗಳ ಪಗಾರ ಜೇಬಿನಲ್ಲಿಟ್ಟುಕೊಂಡು ವಾಡಿಗೆ ಹೋದೆ. ತಪ್ಪಾಯಿತು, ಬನ್ನಿ ಎಂದೆ. ಹಾಗೆ ನಾನು ಬೇರೆ ಯಾರಿಗೂ ಅಂದವನಲ್ಲ. ಗಂಗಾಬಾಯಿ ಚಹಾ ಕೊಟ್ಟರು. ಬರುವುದಿಲ್ಲ ಎಂದರು. ಸಾಹುಕಾರರು ಕೊನೆಗೆ ಪಾಲು ಕೊಳ್ಳಲಿಲ್ಲ, ನಾನೂ ಗಂಗಾಬಾಯಿಯನ್ನು ಮತ್ತೆ ನೋಡಲಿಲ್ಲ.

ಅಂದು ವಾಡಿಯಲ್ಲಿ ನಾನು ಕೊಟ್ಟ ರೊಕ್ಕ ಎಣಿಸಿ, ಹನ್ನೆರಡು ದಿನದ್ದನ್ನು ಸೆರಗಿಗೆ ಕಟ್ಟಿಕೊಂಡು ಉಳಿದದ್ದನ್ನು ನನ್ನ ಮುಂದೆ ಸರಿಸಿದರು. ಇರಲಿ ಬಾಯಿ, ಇಟ್ಟುಕೊಳ್ಳಿ ಎಂದು ಅಂಗಲಾಚಿದೆ.

“ಮಾಡದ ಕೆಲಸಕ್ಕ ಪಗಾರ ತಗೊಂಡ್ರ, ನಿಮಗೂ ನನಗೂ ಫರಕ್ ಏನ್ ಉಳೀತ್ರಿ?”