ಫ್ಯಾನಿನ ಅಂಗಡಿಯ ಅಳಿಯ

ನನಗೆ ಫ್ಯಾನಿನ ಅಂಗಡಿ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ರಾಮದುರ್ಗದ ಕಡೆ ಯಾವ ಮದುವೆಗೆ ಹೋದರೂ ಜನ ನನ್ನನ್ನು ಪಕ್ಕಕ್ಕೆ ಕರೆದು, ತಮ್ಮ ಮನೆಯ ಫ್ಯಾನು ಯಾಕೆ ಕರ್ ಕರ್ ಅನ್ನುತ್ತದೆ ಎಂದು ಕೇಳುತ್ತಿದ್ದರು. ನಾನು ಫೋಟೊ ತೆಗೆಯುವವ. ಬೈಲಹೊಂಗಲದಲ್ಲಿ ಸಣ್ಣ ಸ್ಟುಡಿಯೊ ಇದೆ. ಮದುವೆ, ಕುಬುಸ, ಮನೆ ಒಕ್ಕಲುಗಳ ವಿಡಿಯೊ ಹೊಟ್ಟೆಪಾಡಿಗೆ. ಉಳಿದ ಹೊತ್ತಿನಲ್ಲಿ ಮಾಡುವುದು ಫ್ಯಾನ್ ಫಿಲ್ಮ್.

ಫ್ಯಾನ್ ಫಿಲ್ಮ್ ಎಂದರೆ ಅಭಿಮಾನಿಯ ಸಿನಿಮಾ. ಹೊರದೇಶದವರು ಕೋಟಿಗಟ್ಟಲೆ ಸುರಿದು ಮಂತ್ರವಾದಿ, ಹಿಮದ ಅರಮನೆ, ರೆಕ್ಕೆಯ ಸರ್ಪ ಎಂದೆಲ್ಲ ತೋರಿಸುತ್ತಾರಲ್ಲ, ಅದಕ್ಕೆ ಮರುಳಾದ ನನ್ನಂಥವನು ಅದೇ ಲೋಕದ ಇನ್ನೊಂದು ಕಥೆಯನ್ನು ಕೈಲಾದಷ್ಟರಲ್ಲಿ ತೆಗೆಯುವುದು. ಅದನ್ನು ಮಾರುವಂತಿಲ್ಲ, ಟಿಕೆಟ್ ಇಡುವಂತಿಲ್ಲ. ನೆಟ್ಟಿಗೆ ಹಾಕಿ ಬೈಸಿಕೊಳ್ಳಬೇಕು, ಅಷ್ಟೆ. ಇದೆಂಥ ಧಂದೆ ಎಂದು ಕೇಳಿದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಊರ ಉಸಾಬರಿ ಮಾಡುವವರನ್ನು ಯಾರೂ ಹೀಗೆ ಕೇಳುವುದಿಲ್ಲ.

ಎಡವಟ್ಟು ಆದದ್ದು ಕನ್ಯೆ ನೋಡಲು ಹೋದ ದಿನ. ಮಾವನವರು, ಅಂದರೆ ಆಮೇಲೆ ನನ್ನ ಮಾವನಾದವರು, ರಾಮದುರ್ಗದ ಹತ್ತಿರದ ಹಳ್ಳಿಯ ರೈತರು. ದೊಡ್ಡಾಟದಲ್ಲಿ ರಾಜನ ವೇಷಕ್ಕೆ ಹೆಸರಾದವರು. ಕರೆಂಟು ಹೋಗಿತ್ತು. ಎಲ್ಲರೂ ಟವೆಲ್ಲಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು.

"ಹುಡುಗ ಏನ್ ಮಾಡತಾನ್ರಿ?" ಎಂದು ಅವರು ಕೇಳಿದರು.

ನನ್ನ ಸೋದರಮಾವ ಬಾಯ್ತುಂಬ ಅವಲಕ್ಕಿ ತುಂಬಿಕೊಂಡೇ, "ಸ್ಟುಡಿಯೋ ಐತ್ರಿ. ಮತ್ತ ಫ್ಯಾನ್ ಫಿಲ್ಮ್ ಮಾಡತಾನ್ರಿ" ಎಂದ. ಫಿಲ್ಮ್ ಎಂಬುದು ಅವಲಕ್ಕಿಯ ಜೊತೆ ಗಂಟಲಿಗೆ ಇಳಿಯಿತು.

"ಫ್ಯಾನಾ? ಛಲೋ ಆತು ಬಿಡ್ರಿ. ಬ್ಯಾಸಗಿ ಇರೂತನಾ ಆ ಧಂದೆಕ್ಕ ಸಾವಿಲ್ಲ" ಎಂದರು ಮಾವ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಮ್ಮ ಮದುವೆ ಒಂದು ಸುಳ್ಳೂ ಇಲ್ಲದೆ ಬರೀ ಅವಲಕ್ಕಿಯಲ್ಲಿ ಮುಗಿಯಿತು. ಮದುವೆಯ ಮಾರನೆಯ ದಿನವೇ, "ಮಾವಾರ, ಅದು ಪಂಖಾ ಅಲ್ರಿ" ಎಂದು ತಿದ್ದಲು ಹೋದೆ. "ಗೊತ್ತೈತ್ರಿ ಅಳಿಯಾರ. ಪಂಖಾ ಬ್ಯಾರೆ, ಟೇಬಲ್ ಫ್ಯಾನ್ ಬ್ಯಾರೆ" ಎಂದು ಎಲೆ ಅಡಿಕೆಯ ಚೀಲ ಬಿಚ್ಚಿದರು. ಮುಂದಿನ ಹಬ್ಬಕ್ಕೂ ಅದನ್ನೇ ಹೇಳಿದೆ, ಅವರೂ ಅದನ್ನೇ ಹೇಳಿದರು. ಬೀಗರ ಮುಂದೆ, ಬಸ್‌ಸ್ಟ್ಯಾಂಡಿನಲ್ಲಿ, ಹೊಟೇಲಿನಲ್ಲಿ, "ಇವರು ನಮ್ಮ ಅಳಿಯಾರ್ರಿ, ಫ್ಯಾನಿನ ಅಂಗಡಿ ಐತಿ" ಎಂದೇ ಗುರುತು ಹೇಳುತ್ತಿದ್ದರು. ನೆಟ್ಟಿನಲ್ಲಿ ಬೈದವರನ್ನು ನಾನು ಮರೆತಿದ್ದೇನೆ. ಆದರೆ ಈ ಒಂದು ಮಾತು ಮಾತ್ರ ನನ್ನನ್ನು ಒಳಗೊಳಗೇ ಸುಡುತ್ತಿತ್ತು. ವೇಷ ಕಟ್ಟುವ ಮನುಷ್ಯ, ಕಲಾವಿದ, ಒಂದೇ ಒಂದು ಸಲ ನಾಲ್ಕು ಜನರ ಮುಂದೆ ನನ್ನ ಅಳಿಯ ಸಿನಿಮಾ ಮಾಡುತ್ತಾನೆ ಅನ್ನಬಾರದೇ? ನನಗೆ ಬೇಕಾಗಿದ್ದು ಅಷ್ಟೆ.

ಹೋದ ಸಲದ ಸಿನಿಮಾದಲ್ಲಿ ರೆಕ್ಕೆಯ ಸರ್ಪಕ್ಕೆ ರಾಜ್ಯ ಕಳೆದುಕೊಂಡ ಹಿಮದೇಶದ ರಾಜನ ಕಥೆ ಇತ್ತು. ಸರ್ಪ ಸಿದ್ಧವಾಗಿತ್ತು. ಎಂ.ಕೆ. ಹುಬ್ಬಳ್ಳಿಯ ನನ್ನ ಗೆಳೆಯ ಫ್ಯಾಕ್ಟರಿಗೆ ಕಬ್ಬು ಹೊಡೆಯುವ ಟ್ರ್ಯಾಕ್ಟರ್ ಡ್ರೈವರ್. ಕಬ್ಬಿನ ಸೀಸನ್ ಮುಗಿದಿದ್ದರಿಂದ ಅವನ ಎರಡು ಟ್ರೇಲರ್ ಖಾಲಿ ಇದ್ದವು. ಅವುಗಳ ಮೇಲೆ ತಾಡಪತ್ರಿ ಹೊದಿಸಿ ಹಸಿರು ಬಣ್ಣ ಬಳಿದೆವು. ಆದರೆ ರಾಜನ ಪಾತ್ರದವನೇ ಕೈಕೊಟ್ಟ. ಸವದತ್ತಿಯ ಅಂಗಡಿಕಾರನೊಬ್ಬ ಒಪ್ಪಿದ್ದ. ಗಡ್ಡದ ಅಂಟಿಗೆ ಮುಖದ ತುಂಬ ಗುಳ್ಳೆ ಎದ್ದು, ಶೂಟಿಂಗಿನ ಹಿಂದಿನ ದಿನ ಫೋನ್ ಎತ್ತುವುದನ್ನೇ ಬಿಟ್ಟ.

"ನಮ್ಮಪ್ಪ ಅದಾನಲ್ರಿ. ಕಿರೀಟಾನೂ ಅವನ ಕಡೇನ ಐತಿ" ಎಂದಳು ಹೆಂಡತಿ.

ಮಾವ ಶೂಟಿಂಗಿಗೆ ಆರಿಸಿದ್ದ ಚಚಡಿಯ ಕೋಟೆಯಂಥ ಹಳೆಯ ವಾಡೆಯ ಮುಂದೆ ಬಂದಿಳಿದಾಗ ಜೊತೆಗೆ ವೇಷದ ಟ್ರಂಕು ಇತ್ತು. ಅದರ ಹಿಂದೆ, ರಾಶಿ ತೂರಲು ಕೈಯಿಂದ ತಿರುಗಿಸುವ ದೊಡ್ಡ ಫ್ಯಾನೂ ಇತ್ತು.

"ಇದ್ಯಾಕ್ರಿ ಮಾವಾರ?"

"ಫ್ಯಾನ್ ಫಿಲ್ಮ್ ಅಂದಳು ಮಗಳು. ಫ್ಯಾನ್ ಇರಲಾರದ ಹೆಂಗ್ರಿ?"

ನಾನು ಹಲ್ಲು ಕಚ್ಚಿಕೊಂಡು ಫ್ಯಾನನ್ನು ಇಳಿಸಿಕೊಂಡೆ. ಅದೇ ಫ್ಯಾನು ನಮ್ಮ ಮಾನ ಉಳಿಸಿತು ಎನ್ನುವುದನ್ನು ಒಪ್ಪಲೇಬೇಕು. ನಾವು ಹಿಮಕ್ಕೆಂದು ಒಂದು ಚೀಲ ಹತ್ತಿ ತಂದಿದ್ದೆವು. ಹೆಂಡತಿ ಫ್ಯಾನ್ ತಿರುಗಿಸಿದಳು, ನಾನು ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಇನ್ನೊಂದರಿಂದ ಅದರ ಮುಂದೆ ಹತ್ತಿ ತೂರಿದೆ. ಮಟಮಟ ಮಧ್ಯಾಹ್ನದ ಬಿಸಿಲಿನಲ್ಲಿ ಹಿಮಗಾಳಿ ಎದ್ದಿತು. ಕನ್ನಡಿ ಹರಳಿನ ಕಿರೀಟ, ಭುಜಕೀರ್ತಿ ತೊಟ್ಟು, ಮೇಲೆ ಕರಿ ಕಂಬಳಿ ಹೊದ್ದು ಮಾವ ವಾಡೆಯ ಬಾಗಿಲಲ್ಲಿ ನಿಂತರು. ಕಂಬಳಿ ಪಟಪಟ ಹಾರಿತು. ಟ್ರ್ಯಾಕ್ಟರಿನ ಗುಡುಗಿನೊಂದಿಗೆ ಸರ್ಪ ಎದುರಿಗೆ ಬಂದು ನಿಂತಿತು. ನಾನು ಆ್ಯಕ್ಷನ್ ಎಂದೆ.

ಮಾವ ಬಾಯಿ ಬಿಡಲಿಲ್ಲ. ಎದೆ ಉಬ್ಬಿಸಿ, ಕಣ್ಣು ಕೆಂಪಗೆ ಮಾಡಿಕೊಂಡು ಸುಮ್ಮನೆ ನಿಂತೇ ಇದ್ದರು. ಹತ್ತಿ ಮುಗಿಯುತ್ತ ಬಂತು.

"ಮಾವಾರ, ಮಾತು ಮರತ್ರೇನ್ರಿ?"

"ಮಾತು ಬಾಯಾಗ ಐತ್ರಿ. ಕೇಳಾಂವ ಎಲ್ಲಿ?"

"ಯಾರ್ ಕೇಳಬೇಕ್ರಿ?"

"ಸಾರಥಿ."

ನಮ್ಮ ದೊಡ್ಡಾಟದಲ್ಲಿ ಯಾವ ರಾಜನೂ ರಂಗಕ್ಕೆ ಬಂದವನೇ ಮಾತು ಶುರು ಮಾಡುವುದಿಲ್ಲ. ಸಾರಥಿ ಎಂಬವನೊಬ್ಬ ಮುಂದೆ ಬಂದು, ತಾವು ಧಾರು, ಅಂದರೆ ಯಾರು, ತಮ್ಮ ಸ್ಥಳ ಯಾವುದು ಎಂದು ಕೇಳಬೇಕು. ಆಗ ರಾಜ ತನ್ನ ಹೆಸರು, ಕುಲ, ಪರಾಕ್ರಮ ಎಲ್ಲ ಹೇಳುತ್ತಾನೆ. ನನಗೆ ಇದು ಗೊತ್ತಿತ್ತು. ಆದರೆ ಬಿಸಿಲಿಗೆ ನೆತ್ತಿ ಕಾದಿತ್ತು.

"ಅದು ಥಂಡಿ ದೇಶರಿ. ಅಲ್ಲಿ ಸಾರಥಿ ಇರೂದಿಲ್ಲ!"

"ಥಂಡಿ ದೇಶದಾಗ ಮಂದಿಗೆ ರೀತಿ ರಿವಾಜು ಇರೂದಿಲ್ಲೇನ್ರಿ? ಕೇಳಲಾರದ ನಾ ರಾಜ, ನಾ ರಾಜ ಅಂತ ಹೇಳಿಕೋತ ತಿರಗಾಂವ ರಾಜ ಅಲ್ರಿ ಅಳಿಯಾರ. ತಲಿ ಕೆಟ್ಟಾಂವ."

"ಹಂಗಾದ್ರ ಹಾವು ಕೇಳಬೇಕೇನ್ರಿ?" ಎಂದು ಸಿಟ್ಟಿನಿಂದ ಅಂದೆ.

"ಕೇಳಲಿ" ಎಂದರು ಮಾವ.

ಟ್ರ್ಯಾಕ್ಟರು ನಿಲ್ಲಿಸಿ, ರೆಕ್ಕೆ ಅಲ್ಲಾಡಿಸಲು ತಾಡಪತ್ರಿಯೊಳಗೆ ನುಸುಳಿ ಕುಳಿತಿದ್ದ ಗೆಳೆಯನಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಲಿಲ್ಲ. ಅವನೂ ಚಿಕ್ಕಂದಿನಿಂದ ಆಟ ನೋಡಿ ಬೆಳೆದವನೇ. ಒಳಗಿನಿಂದಲೇ ದಪ್ಪ ದನಿ ತೆಗೆದು, "ಭಳಿರೇ! ಈ ರಂಗಸಭೆಗೆ ಬಂದಂಥ ತಾವು ಧಾರು?" ಎಂದು ಕೂಗಿದ.

ಮಾವ ಕಾಲು ನೆಲಕ್ಕೆ ಅಪ್ಪಳಿಸಿದರು. "ಎಲೈ ಸರ್ಪವೇ, ಹೀಗೆ ಬಾ, ಮತ್ತೂ ಹೀಗೆ ಬಾ. ನಾವು ಧಾರೆಂದರೆ..." ಎಂದು ಶುರು ಮಾಡಿದವರು ಹಿಮಪರ್ವತದಿಂದ ಹೊರಟು, ಮಲಪ್ರಭೆ ದಾಟಿ, ಬಿಳಿಜೋಳದ ಸೀಮೆಯನ್ನೂ ಆ ರಾಜ್ಯಕ್ಕೆ ಸೇರಿಸಿಕೊಂಡು ನಿಂತರು. ನಾನು ಬರೆದ ಒಂದು ಸಾಲೂ ಅದರಲ್ಲಿರಲಿಲ್ಲ. ಆದರೂ ನಾನು ಕ್ಯಾಮೆರಾ ನಿಲ್ಲಿಸಲಿಲ್ಲ. ಇಡೀ ಸಿನಿಮಾದಲ್ಲಿ ಜೀವ ಇದ್ದದ್ದು ಅಲ್ಲೇ. ನೆಟ್ಟಿಗೆ ಹಾಕಿದಾಗ ಯಾವುದೋ ದೇಶದವನೊಬ್ಬ, ಇಷ್ಟು ಮರ್ಯಾದಸ್ಥ ಸರ್ಪವನ್ನು ನಾನೆಲ್ಲೂ ಕಂಡಿಲ್ಲ ಎಂದು ಬರೆದ.

ಊರಿನವರಿಗೂ ತೋರಿಸಬೇಕೆಂದು ಮಾವ ಹಟ ಹಿಡಿದರು. ಅವರ ಹಳ್ಳಿಯ ಸಮುದಾಯ ಭವನದಲ್ಲಿ ಸಂಜೆಗೆ ಪರದೆಯಾಗಿ ಬಿಳಿ ಧೋತರ ಕಟ್ಟಿದೆವು. ಇವತ್ತಾದರೂ ಮಾವನ ಬಾಯಲ್ಲಿ ಆ ಮಾತು ಬರುತ್ತದೆ ಎಂದು ನಾನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೋಗಿದ್ದೆ. ಒಳಗೆ ಕಾಲಿಡುತ್ತಲೇ ಯಾರೋ, "ಫ್ಯಾನಿನ ಅಳಿಯಾರ ಬಂದ್ರು. ಮ್ಯಾಲಿಂದು ತಿರಗವಲ್ದು, ಒಂಚೂರು ನೋಡ್ರಿ" ಎಂದರು. ಜನ ನಕ್ಕರು. ಮಾವನೂ ನಕ್ಕರು. ಹೋಗಿ ಹಿಂದಿನ ಗೋಡೆಗೆ ಆತು ನಿಂತುಬಿಟ್ಟೆ.

ಸಿನಿಮಾ ಮುಗಿಯಿತು. ಸರ್ಪ ಮಾತಾಡಿದಾಗ ಬಿದ್ದ ಶಿಳ್ಳೆ ಇನ್ನೂ ಕಿವಿಯಲ್ಲಿತ್ತು. ಮಾವ ಎದ್ದು ರುಮಾಲು ಸರಿಪಡಿಸಿಕೊಂಡರು. "ಅಳಿಯಾರ, ಮುಂದ ಬರ್ರಿ" ಎಂದು ಕರೆದರು. ಹೋದೆ. ಅವರು ನನ್ನಿಂದ ಎರಡು ಮಾರು ದೂರ ಸರಿದು, ಕೈ ಕಟ್ಟಿ, ರಾಜನ ದನಿಯಲ್ಲಲ್ಲ, ಸಾರಥಿಯ ದನಿಯಲ್ಲಿ ಕೇಳಿದರು.

"ಭಳಿರೇ! ಈ ರಂಗಸಭೆಗೆ ಬಂದಂಥ ತಾವು ಧಾರು? ತಮ್ಮ ಸ್ಥಳ ಯಾವುದು? ತಮ್ಮ ಕಾಯಕವೇನು?"

ಹತ್ತಾರು ಜನರಿಗೆ ಮಾತು ಬರೆದುಕೊಟ್ಟ ನಾನು ಅಂಗಿಯ ಗುಂಡಿ ತಿರುವುತ್ತ ನಿಂತೆ. ಹೆಂಗಸರ ಸಾಲಿನಿಂದ ಹೆಂಡತಿ, "ಹೇಳ್ರಿ, ಕೇಳಾಕ ಹತ್ಯಾರಲ್ಲ" ಎಂದಳು.

"ನಾವು ಧಾರೆಂದರೆ... ಬೈಲಹೊಂಗಲದವರು. ಈ ರಾಜರ ಅಳಿಯ."

ಜನ ನಕ್ಕರು. ಮಾವ ನಗಲಿಲ್ಲ. "ಸಂಬಂಧ ತಿಳಿಯಿತು. ಕಾಯಕ ಹೇಳಬೇಕು."

"ಸಿನಿಮಾ ಮಾಡತೇನ್ರಿ."

"ಸಭೆಗೆ ಕೇಳಿಸಲಿಲ್ಲ."

"ಸಿನಿಮಾ ಮಾಡತೇನ್ರಿ" ಎಂದು ಗಂಟಲು ಹರಿಯುವಂತೆ ಅಂದೆ.

ಮಾವ ಜನರ ಕಡೆ ತಿರುಗಿದರು. "ಕೇಳಿದ್ರಿಲ್ಲೋ? ನಮ್ಮ ಅಳಿಯ ಸಿನಿಮಾ ಮಾಡತಾನ."

ಮನೆಗೆ ನಡೆಯುವಾಗ ತಡೆಯಲಾರದೆ ಕೇಳಿದೆ. "ಮಾವಾರ, ಯಾವಾಗ ಗೊತ್ತಾತ್ರಿ?"

"ಕನ್ಯಾ ನೋಡಾಕ ಬಂದ ದಿನಾನ. ಅವಲಕ್ಕಿ ಬಾಯಾಗ ಇದ್ರ ಏನಾತು, ಫಿಲ್ಮ್ ಅಂದದ್ದು ಕೇಳಿಸಿತ್ರಿ."

"ಮತ್ತ ಇಷ್ಟು ವರ್ಷ ಯಾಕ ಹಂಗಂದ್ರಿ?"

"ನೀವು ಪಂಖಾ ಅಲ್ಲ, ಪಂಖಾ ಅಲ್ಲ ಅಂತಿದ್ರಿ. ಏನು ಅಂತ ಒಂದು ಸಲಾನೂ ಹೇಳಲಿಲ್ಲ. ನಾನೂ ಕೇಳಲಿಲ್ಲ ಬಿಡ್ರಿ. ವೇಷ ಪೂರಾ ಆಗೂತನಾ ಸಾರಥಿ ಕೇಳಬಾರದು."

ನನಗೆ ಅಳು ಬಂತು. ಅದನ್ನು ನೋಡಿಯೂ ನೋಡದವರಂತೆ ಅವರು ಮನೆಯ ಬಾಗಿಲು ತೆಗೆದರು. "ಪಡಸಾಲಿ ಫ್ಯಾನ್ ಭಾಳ ಸಪ್ಪಳ ಮಾಡತೈತಿ. ಬಂದೀರಿ, ಅದನ್ನಷ್ಟ ನೋಡಿ ಹೋಗ್ರಿ" ಎಂದರು.

ಸ್ಟೂಲ್ ಹತ್ತಿ ನೋಡಿದೆ. ಏನೊಂದೂ ತಿಳಿಯಲಿಲ್ಲ. ನಾನು ಇಳಿಯುವವರೆಗೂ ಮಾವ ಕೆಳಗೆ ಸ್ಟೂಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು.